ಡಬ್ಬ ಎಲ್ಲಿಡಬೇಕು, ತಮ್ಮಾ?

ಹೊಸದಾಗಿ ಬೇಸ್ ಗಿಟಾರ್ ಹೆಗಲಿಗೇರಿಸಿಕೊಂಡಿರುವ ತಮ್ಮನಿಗೆ ಆಶೀರ್ವಾದಗಳು.

ಗಣೇಶನ ಪೆಂಡಾಲು, ಕಾಲೇಜು ಫೆಸ್ಟು, ರಾಜ್ಯೋತ್ಸವದ ರಸಮಂಜರಿ ಅಂತ ಇನ್ನು ಕೆಲವು ತಿಂಗಳು ನೀನು ಕೈಗೆ ಸಿಗುವುದಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಯಾವ ಗಿಟಾರ್, ಯಾವ ತಂತಿ, ಯಾವ ಪೆಡಲ್ ಅಂತ ನಿನ್ನ ವಯಸ್ಸಿನವರು ರಾತ್ರಿಯೆಲ್ಲ ಚರ್ಚೆ ಮಾಡುತ್ತೀರಿ. ಸ್ಪೀಕರ್ ಕ್ಯಾಬಿನೆಟ್, ಅಂದರೆ ನಮ್ಮ ಡಬ್ಬ, ಮಾತ್ರ ಮೈಕ್ ಸೆಟ್‌ನ ಹುಡುಗ ಎಲ್ಲಿ ಇಳಿಸಿದನೋ ಅಲ್ಲೇ ಕೂತಿರುತ್ತದೆ. ಆಮೇಲೆ ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸುವುದು, ಗಾಯಕಿ ತಿರುಗಿ ಗುರಾಯಿಸುವುದು. ನಾಬ್ ಮುಟ್ಟುವ ಮೊದಲು ಡಬ್ಬ ಜರುಗಿಸಿ ನೋಡು. ನಾನು ಹೇಳಬೇಕಾದ್ದು ಇಷ್ಟೇ, ಮಿಕ್ಕಿದ್ದೆಲ್ಲ ಅದರ ವಿವರ.

ನಾಲ್ಕು ತಂತಿಯ ಬೇಸ್‌ನಲ್ಲಿ ಬೆರಳಿಡದೆ ಮೀಟಿದ ಇ ತಂತಿ 41 ಹರ್ಟ್ಸ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಭಾಗಿಸಿ ನೋಡು, ಆ ಸ್ವರದ ಒಂದು ಅಲೆಯ ಉದ್ದ 8 ಮೀಟರ್ ದಾಟುತ್ತದೆ. ನೀನು ನುಡಿಸುವ ಎಷ್ಟೋ ವೇದಿಕೆಗಳಿಗೆ ಅಷ್ಟು ಆಳವೇ ಇರುವುದಿಲ್ಲ. ಇಷ್ಟುದ್ದದ ಅಲೆಗೆ ಡಬ್ಬದ ಮುಖ ಯಾವ ಕಡೆಗಿದ್ದರೂ ಒಂದೇ. ಹಿಂದಕ್ಕೂ ಮುಂದಕ್ಕೂ ಹರಡುತ್ತದೆ, ಗೋಡೆಗೆ ತಾಗಿ ವಾಪಸ್ ಬರುತ್ತದೆ. ಹಾಗೆ ಬಂದದ್ದು ಮೂಲ ಶಬ್ದಕ್ಕೆ ಕೂಡಿಕೊಳ್ಳಲೂಬಹುದು, ಅದನ್ನು ಕಳೆದು ಹಾಕಲೂಬಹುದು.

ಕಳೆಯುವ ಲೆಕ್ಕವನ್ನು ಗಮನವಿಟ್ಟು ಓದು. ಸ್ಪೀಕರಿನ ಮುಖ ಹಿಂದಿನ ಗೋಡೆಯಿಂದ 1 ಮೀಟರ್ ಮುಂದಿದೆ ಅಂದುಕೋ. ಹಿಂದೆ ಹೋದ ಶಬ್ದ ಹೋಗಿ ಬರಲು 2 ಮೀಟರ್ ಹೆಚ್ಚು ದಾರಿ ನಡೆಯುತ್ತದೆ. 4 ಮೀಟರ್ ಉದ್ದದ ಅಲೆಗೆ ಅದು ಸರಿಯಾಗಿ ಅರ್ಧ. ಅಂದರೆ 86 ಹರ್ಟ್ಸ್ ಹತ್ತಿರದ ಸ್ವರ ತನ್ನನ್ನು ತಾನೇ ತಿನ್ನುತ್ತದೆ. ನಿನ್ನ ಡಿ ತಂತಿಯ 3ನೇ ಫ್ರೆಟ್‌ನ ಎಫ್ ಅಲ್ಲೇ ಇದೆ, 87 ಹರ್ಟ್ಸ್. ಉಳಿದ ಸ್ವರಗಳೆಲ್ಲ ತುಂಬಿ ಬರುತ್ತವೆ, ಎಫ್ ಬಂದಾಗ ಬೇಸ್ ನಾಪತ್ತೆ. ಬೆರಳು ಸರಿಯಾಗಿ ಒತ್ತಲಿಲ್ಲವೇನೋ ಅಂತ ನೀನು ನಿನ್ನನ್ನೇ ಬೈದುಕೊಳ್ಳುತ್ತೀಯ. ಹಾಗಾದರೆ ಇನ್ನೂ ಮುಂದಕ್ಕೆ ಎಳೆಯೋಣ ಅಂತ 2 ಮೀಟರ್‌ಗೆ ತಂದರೆ ಸ್ವರ ಕುಸಿಯುವ ಆ ಹಳ್ಳ 43 ಹರ್ಟ್ಸ್‌ಗೆ ಇಳಿಯುತ್ತದೆ. ಅದು ಇ ತಂತಿಯ ಮೊದಲ ಫ್ರೆಟ್, ಮತ್ತದೇ ಎಫ್, ಒಂದು ಸಪ್ತಕ ಕೆಳಗೆ!

ಆದ್ದರಿಂದ ಗೋಡೆ ಇದ್ದಲ್ಲಿ ಡಬ್ಬವನ್ನು ಗೋಡೆಗೇ ಒತ್ತಿ ಇಡು. ಹಿಂಬದಿಯಲ್ಲಿ ಪೋರ್ಟ್ ಎಂಬ ಗಾಳಿಕಿಂಡಿ ಇರುವ ಡಬ್ಬವಾದರೆ ಒಂದು ಗೇಣು ಬಿಟ್ಟರೆ ಸಾಕು. ಹಳ್ಳ ಆಗ ಮೇಲಿನ ಸ್ವರಗಳಿಗೆ ಸರಿದು, ಅಷ್ಟಾಗಿ ಗೊತ್ತಾಗುವುದಿಲ್ಲ. ಮೂಲೆಗೆ ಮಾತ್ರ ತಳ್ಳಬೇಡ. ನೆಲವೂ ಎರಡು ಗೋಡೆಗಳೂ ಸೇರಿ ತಳದ ಸ್ವರಗಳನ್ನು ಉಬ್ಬಿಸುತ್ತವೆ, ನುಡಿಸಿದ್ದೆಲ್ಲ ಒಂದೇ ಗುಂಯ್ ಆಗುತ್ತದೆ. ಪಬ್‌ನಲ್ಲಿ ಬೇರೆ ಜಾಗವೇ ಇಲ್ಲದಿದ್ದರೆ ಬೇಸ್ ನಾಬ್ ಧಾರಾಳವಾಗಿ ಇಳಿಸು.

ಆದರೆ ಗೋಡೆ ಅಂದರೆ ಗೋಡೆಯೇ ಆಗಿರಬೇಕು. ಗಣೇಶನ ಪೆಂಡಾಲಿನಲ್ಲಿ ನಿನ್ನ ಬೆನ್ನಿಗಿರುವುದು ಶಾಸಕರ ಭಾವಚಿತ್ರದ ಫ್ಲೆಕ್ಸ್. ಬೇಸ್ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹಿಂದಿನ ಬೀದಿಗೆ ಹೋಗುತ್ತದೆ. ಕಲ್ಯಾಣ ಮಂಟಪದಲ್ಲಿ ತುಂಬಿ ಬಂದ ಅದೇ ಆಂಪು ಬಯಲಲ್ಲಿ ತೆಳ್ಳಗೆ ಕೇಳಿಸಿದರೆ ಆಂಪಿನ ತಪ್ಪಲ್ಲ. ಬಯಲಲ್ಲಿ ಡಬ್ಬವನ್ನು ನಿನ್ನ ಹತ್ತಿರಕ್ಕೆ ತಂದುಕೋ, ಜನರಿಗೆ ತಲುಪಿಸುವ ಕೆಲಸ ಮುಂದಿನ ದೊಡ್ಡ ಸೆಟ್ ನೋಡಿಕೊಳ್ಳಲಿ.

ಪೆಂಡಾಲಿನ ಇನ್ನೊಂದು ಕಾಟ, ಟೊಳ್ಳು ವೇದಿಕೆ. ಕಬ್ಬಿಣದ ಫ್ರೇಮು, ಮೇಲೆ ಹಲಗೆ, ಅದರ ಮೇಲೆ ಕೆಂಪು ಮ್ಯಾಟು. ಹಲಗೆ ನಡುಗಿದರೆ ಮೈಕ್ ಸ್ಟ್ಯಾಂಡೂ ನಡುಗುತ್ತದೆ. ಡಬ್ಬದ ಕೆಳಗೆ ದಪ್ಪ ಫೋಮ್ ಹಾಕು, ಇಲ್ಲದಿದ್ದರೆ ಗಟ್ಟಿ ಪೆಟ್ಟಿಗೆಯೊಂದರ ಮೇಲಿಡು. ಅಲುಗಾಡುವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಡುವವರನ್ನು ಕಂಡಿದ್ದೇನೆ, ಅದನ್ನು ಮಾಡಬೇಡ.

ಎತ್ತರಿಸುವುದರಿಂದ ಇನ್ನೂ ದೊಡ್ಡ ಲಾಭವಿದೆ. ಬೆರಳು ತಂತಿ ಬಿಡುವ ಆ ಚುರುಕು ಸದ್ದು ತಳದ ಸ್ವರಗಳಂತೆ ಸುತ್ತಲೂ ಹರಡುವುದಿಲ್ಲ, ಸ್ಪೀಕರ್ ನೋಡುವ ದಿಕ್ಕಿಗೆ ನೇರ ಹೋಗುತ್ತದೆ. ನೆಲದ ಮೇಲಿನ ಸಣ್ಣ ಡಬ್ಬಕ್ಕೆ ಅಂಟಿಕೊಂಡು ನಿಂತರೆ ಅದನ್ನು ಕೇಳುವುದು ನಿನ್ನ ಮೊಣಕಾಲು. ಡಬ್ಬವನ್ನು ಸೊಂಟದೆತ್ತರಕ್ಕೆ ಏರಿಸು, ಅಥವಾ ಮುಂದಿನ ಅಂಚಿನ ಕೆಳಗೆ ಮರದ ತುಂಡು ಕೊಟ್ಟು ಹಿಂದಕ್ಕೆ ವಾಲಿಸು, ಅಥವಾ ನೀನೇ ಒಂದೆರಡು ಹೆಜ್ಜೆ ಮುಂದೆ ನಿಲ್ಲು.

ಎರಡು ಡಬ್ಬವಿದ್ದರೆ ಒಂದರ ಮೇಲೊಂದು ಇಡು. ಪಕ್ಕಪಕ್ಕ ಇಟ್ಟರೆ ಎದುರು ನಿಂತವನಿಗೆ ಚೆನ್ನ, ಓರೆಯಲ್ಲಿರುವ ಕೀಬೋರ್ಡಿನವನಿಗೆ ಎರಡರ ಶಬ್ದ ಹಿಂದುಮುಂದಾಗಿ ತಲುಪಿ ಮಧ್ಯದ ಸ್ವರಗಳು ಸವೆಯುತ್ತವೆ. ಎತ್ತರಕ್ಕೆ ಜೋಡಿಸುವುದಕ್ಕೆ ಒಂದು ಉದಾಹರಣೆ ಕೇಳು. 1969ರಲ್ಲಿ ಆಂಪೆಗ್ ಕಂಪನಿ 300 ವಾಟ್‌ನ ಎಸ್‌ವಿಟಿ ಆಂಪ್ ತಂದಿತು. ಅದರ ಜೊತೆಯ ಡಬ್ಬದಲ್ಲಿ 10 ಇಂಚಿನ ಎಂಟು ಸ್ಪೀಕರ್‌ಗಳು ಎರಡೆರಡರಂತೆ ನಾಲ್ಕು ಸಾಲಾಗಿ ಮೇಲಕ್ಕೆ ಏರುತ್ತವೆ. ಅದು ಹೆಸರುವಾಸಿಯಾಗಲು ಜೋರು ಶಬ್ದವೊಂದೇ ಕಾರಣವಲ್ಲ, ಮೇಲಿನ ಸಾಲು ನುಡಿಸುವವನ ಎದೆಯೆತ್ತರಕ್ಕೆ ಬರುತ್ತದೆ. 60 ಕೆಜಿ ದಾಟುವ ಅದನ್ನು ಹೊರುವವರ ಬೆನ್ನಿನ ಮಾತು ಬೇರೆ.

ಇನ್ನು ಜೊತೆಗಾರರು. ಡ್ರಮ್ಮರ್‌ನ ಹೈ-ಹ್ಯಾಟ್ ಇರುವ ಕಡೆ, ಡ್ರಮ್ಸ್‌ನ ಸಾಲಿಗೆ ಡಬ್ಬ ಇಡು. ಅವನ ಕಾಲು, ಕೈ ಎರಡೂ ನಿನಗೆ ಕಾಣುತ್ತವೆ, ಅವನಿಗೂ ನೀನು ಕೇಳಿಸುತ್ತೀಯ. 7 ಮೀಟರ್ ದೂರ ನಿಂತರೆ ಶಬ್ದ ತಲುಪಲು 20 ಮಿಲಿಸೆಕೆಂಡ್ ಬೇಕು, ತಾಳ ಜಗ್ಗಲು ಅಷ್ಟು ಸಾಕು. ಎಲ್ಲರೂ ಸುಮ್ಮನಿರುವಾಗ ಇ ತಂತಿಯ ಮೇಲೆ ಒಂದೊಂದೇ ಫ್ರೆಟ್ ಏರುತ್ತ ಹೋಗು. ಎಲ್ಲೋ ಒಂದು ಕಡೆ ಸ್ನೇರ್‌ನ ತಂತಿ ಜುಯ್ ಎನ್ನುತ್ತದೆ. ಆಗ ಡಬ್ಬವನ್ನು ಒಂದಡಿ ಸರಿಸಿ ನೋಡು.

ಗಾಯಕಿಯ ಬೆನ್ನ ಹಿಂದೆ ನೇರವಾಗಿ ಇಡಲೇಬೇಡ. ಅವಳ ಮೈಕು ಅವಳ ಬಾಯಿಯನ್ನು ನೋಡುತ್ತಿದೆ ಅಂದರೆ ಅವಳ ಹಿಂದಿರುವ ನಿನ್ನ ಡಬ್ಬವನ್ನೂ ನೋಡುತ್ತಿದೆ. ನೀನು ಮೀಟಿದ್ದೆಲ್ಲ ಅವಳ ಚಾನೆಲ್‌ಗೆ ನುಗ್ಗುತ್ತದೆ, ಬೈಗುಳ ಮಿಕ್ಸರ್‌ನವನಿಗೆ ಬೀಳುತ್ತದೆ.

ಈಗ ಕೆಲವು ತಂಡಗಳು ಕಿವಿಯೊಳಗಿನ ಮಾನಿಟರ್ ಹಾಕಿಕೊಂಡು ಡಬ್ಬವನ್ನೇ ಬಿಟ್ಟಿವೆ. ಒಳ್ಳೆಯ ಮಿಕ್ಸ್ ಸಿಗುವುದಾದರೆ ನನ್ನ ತಕರಾರಿಲ್ಲ. ನಮ್ಮ ಊರುಕೇರಿಯ ಕಾರ್ಯಕ್ರಮಗಳಲ್ಲಿ ಅದು ಸಿಗುವುದು ಅಪರೂಪ, ಹಾಗಾಗಿ ಡಬ್ಬ ಕಲಿತಿರು.

ಕಾರ್ಯಕ್ರಮದ ದಿನ ಉಳಿದವರಿಗಿಂತ ಅರ್ಧ ಗಂಟೆ ಮುಂಚೆ ಹೋಗು. ಡ್ರಮ್ಸ್ ಜೋಡಿಸುವ ಮೊದಲೇ ಮೈಕ್ ಸೆಟ್‌ನವರಿಗೆ ಒಂದು ಟೀ ಕೊಡಿಸಿ ನಿನ್ನ ಜಾಗ ತೋರಿಸಿಬಿಡು. ಕೇಬಲ್ ಎಳೆದು ಟೇಪ್ ಅಂಟಿಸಿದ ಮೇಲೆ ಡಬ್ಬವನ್ನು ಒಂದು ಇಂಚೂ ಜರುಗಿಸಲು ಅವರು ಬಿಡುವುದಿಲ್ಲ.

ಇಂತಿ,
ನಿನ್ನ ಅಣ್ಣ