‘ಹಾಸ್ಟೈಲ್’ ಪದ ಬಳಸುವ ಮುನ್ನ

ಇಂಗ್ಲಿಷಿನ ‘ಹಾಸ್ಟೈಲ್’ ಲ್ಯಾಟಿನ್ನಿನ ‘ಹಾಸ್ಟಿಸ್’ ಪದದಿಂದ ಬಂದ ವಿಶೇಷಣ. ಮೂಲದ ಅರ್ಥ ಶತ್ರು. ಹಗೆತನ, ವಿರೋಧ, ಪ್ರತಿಕೂಲತೆ ಮೂರಕ್ಕೂ ಇದೇ ಪದ ಸಲ್ಲುವುದರಿಂದ, ಯಾವ ಸಂದರ್ಭಕ್ಕೆ ಯಾವ ಅರ್ಥ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮೊದಲ ಹೆಜ್ಜೆ, ತೀವ್ರತೆಯನ್ನು ಅಳೆಯುವುದು. ಮುಖ ಕೊಟ್ಟು ಮಾತಾಡದವರಿಗೆ ‘ಅನ್‌ಫ್ರೆಂಡ್ಲಿ’ ಸಾಕು. ತಮ್ಮ ಪಾಡಿಗೆ ದೂರ ಉಳಿಯುವವರಿಗೆ ‘ಅಲೂಫ್’. ವಿರೋಧವು ಮಾತಿನಲ್ಲೋ ನಡತೆಯಲ್ಲೋ ಎದ್ದು ಕಂಡಾಗ ಮಾತ್ರ ‘ಹಾಸ್ಟೈಲ್’. ಕಚೇರಿಯ ದೂರುಪತ್ರ ಬರೆಯುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ‘ಹಾಸ್ಟೈಲ್ ವರ್ಕ್ ಎನ್ವಿರಾನ್‌ಮೆಂಟ್’ ಎಂಬ ಮಾತಿದೆ. ಮೇಲಧಿಕಾರಿ ಬಿಗುಮಾನದವರು ಎಂಬಷ್ಟಕ್ಕೇ ಈ ಪದ ಬಳಸಿದರೆ ದೂರಿನ ಅರ್ಥವೇ ಬೇರೆಯಾಗುತ್ತದೆ.

ಎರಡನೆಯದು, ಪದ ಯಾವುದನ್ನು ವಿಶೇಷಿಸುತ್ತಿದೆ ಎಂದು ನೋಡುವುದು. ಯುದ್ಧದ ವರದಿಯಲ್ಲಿ ಅದಕ್ಕೆ ಶತ್ರುಪಕ್ಷದ್ದು ಎಂಬ ಅರ್ಥ. ಹವಾಮಾನಕ್ಕೆ ಸೇರಿದಾಗ ಬದುಕಲು ಕಷ್ಟವಾದದ್ದು ಎಂದು. ಪ್ರಸ್ತಾವವೊಂದಕ್ಕೆ ಹಾಸ್ಟೈಲ್ ಎಂದರೆ ಬಲವಾದ ವಿರೋಧವೇ ಹೊರತು ವೈಯಕ್ತಿಕ ದ್ವೇಷವಲ್ಲ. ‘ಹಾಸ್ಟೈಲ್ ಟೇಕೋವರ್’ನಲ್ಲೂ ಹಗೆ ಇರಲೇಬೇಕೆಂದಿಲ್ಲ, ಆಡಳಿತ ಮಂಡಳಿಯ ಒಪ್ಪಿಗೆಯಿಲ್ಲದೆ ಕಂಪನಿಯೊಂದರ ನಿಯಂತ್ರಣ ಪಡೆಯಲು ಷೇರು ಕೊಳ್ಳುವುದು ಅಷ್ಟೇ. 2019ರಲ್ಲಿ ಬೆಂಗಳೂರಿನ ಮೈಂಡ್‌ಟ್ರೀ ಕಂಪನಿಯನ್ನು ಸ್ಥಾಪಕರ ವಿರೋಧದ ನಡುವೆ ಎಲ್ ಅಂಡ್ ಟಿ ತನ್ನ ಹಿಡಿತಕ್ಕೆ ತೆಗೆದುಕೊಂಡದ್ದು ಇದಕ್ಕೆ ಉದಾಹರಣೆ.

ಅತಿ ಹೆಚ್ಚು ಎಡವುವುದು ನ್ಯಾಯಾಲಯದ ಸುದ್ದಿಯಲ್ಲಿ. ‘ಹಾಸ್ಟೈಲ್ ವಿಟ್ನೆಸ್’ಗೆ ಕನ್ನಡದಲ್ಲಿ ಪ್ರತಿಕೂಲ ಸಾಕ್ಷಿ ಎನ್ನುತ್ತಾರೆ. ಆರೋಪಿಯ ಪರವಾಗಿ ನುಡಿದವರೆಲ್ಲ ಪ್ರತಿಕೂಲ ಸಾಕ್ಷಿಗಳಲ್ಲ. ಆರೋಪಿಯೇ ಕರೆಸಿದ ಸಾಕ್ಷಿ ಆರೋಪಿಯ ಪರ ಮಾತಾಡಿದರೆ ಅದರಲ್ಲಿ ಪ್ರತಿಕೂಲವಾದುದೇನೂ ಇಲ್ಲ. ಕರೆಸಿದ ಪಕ್ಷಕ್ಕೇ ಸಾಕ್ಷಿ ತಿರುಗಿಬೀಳಬೇಕು. ಪಂಚನಾಮೆಗೆ ಸಹಿ ಹಾಕಿದ ಪಂಚ ‘ನನ್ನೆದುರು ಏನನ್ನೂ ವಶಪಡಿಸಿಕೊಂಡಿಲ್ಲ’ ಎಂದಾಗ, ಅವನನ್ನು ಕರೆಸಿದ ಸರ್ಕಾರಿ ಅಭಿಯೋಜಕರೇ ಪಾಟೀಸವಾಲಿನ ರೀತಿಯ ಪ್ರಶ್ನೆ ಕೇಳಲು ನ್ಯಾಯಾಲಯದ ಅನುಮತಿ ಕೋರುತ್ತಾರೆ. 1872ರ ಸಾಕ್ಷ್ಯ ಅಧಿನಿಯಮದ 154ನೇ ಕಲಮು ಇದಕ್ಕೆ ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 157ನೇ ಕಲಮು. ಎರಡರಲ್ಲೂ ‘ಹಾಸ್ಟೈಲ್’ ಪದವೇ ಇಲ್ಲ.

ಹಾಗಾಗಿ ‘ಶತ್ರು ಸಾಕ್ಷಿ’ ಎಂಬ ಅನುವಾದ ತಪ್ಪು, ‘ಸುಳ್ಳು ಸಾಕ್ಷಿ’ ಇನ್ನೂ ದೊಡ್ಡ ತಪ್ಪು. ಸುಳ್ಳು ಸಾಕ್ಷ್ಯ ಪ್ರತ್ಯೇಕ ಅಪರಾಧ. ಅದು ಪ್ರತ್ಯೇಕವಾಗಿಯೇ ಸಾಬೀತಾಗಬೇಕು. ಸಾಕ್ಷಿ ತಿರುಗಿಬಿದ್ದನೆಂದರೆ ಮೊಕದ್ದಮೆ ಬಿದ್ದುಹೋಯಿತು ಎಂದು ಬರೆಯುವುದೂ ಸಲ್ಲದು. ಅಂಥ ಸಾಕ್ಷ್ಯ ಪೂರ್ತಿ ಅಳಿಸಿಹೋಗುವುದಿಲ್ಲ, ನಂಬಲರ್ಹ ಭಾಗವನ್ನು ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ಬದುಕಿರುವ ಮನುಷ್ಯನ ಮಾನದ ಪ್ರಶ್ನೆ ಇರುವ ಕಡೆ ಪದಬಳಕೆಯ ಇಂಥ ಸಡಿಲತೆಗೆ ಕ್ಷಮೆಯಿಲ್ಲ.

ಮೂರನೆಯದು ವ್ಯಾಕರಣ. ಯಾರಿಗೆ ವಿರೋಧ ಎಂದು ಹೇಳಲು ‘ಟು’ ಅಥವಾ ‘ಟುವರ್ಡ್ಸ್’ ಬರಬೇಕು. ‘ಅವನ ಮೇಲೆ ಹಗೆ’ ಎಂಬ ಕನ್ನಡದ ರೂಢಿಯಿಂದ ‘ಆನ್’ ನುಸುಳುತ್ತದೆ, ಅದು ತಪ್ಪು. ನಾಮಪದ ‘ಹಾಸ್ಟಿಲಿಟಿ’. ಬಹುವಚನ ‘ಹಾಸ್ಟಿಲಿಟೀಸ್’ಗೆ ಸಾಮಾನ್ಯವಾಗಿ ಕದನ ಎಂದೇ ಅರ್ಥ.

ಕೊನೆಗೆ ಕಾಗುಣಿತ: ವಿದ್ಯಾರ್ಥಿನಿಲಯದ ‘ಹಾಸ್ಟೆಲ್’ ಇ-ಎಲ್‌ನಿಂದ ಮುಗಿಯುತ್ತದೆ, ಇದು ಐ-ಎಲ್-ಇಯಿಂದ. ಅಮೆರಿಕನ್ನರ ಉಚ್ಚಾರದಲ್ಲಿ ಎರಡೂ ಬಹುತೇಕ ಒಂದೇ ಆಗಿ ಕೇಳಿಸುವುದರಿಂದ ಕಿವಿಯನ್ನು ನಂಬದೆ ಅಕ್ಷರ ನೋಡಿ ಬರೆಯಬೇಕು.