ಸೂಜಿ ಹಿಡಿದವಳಿಗೆ

ಮಗಳೇ, ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ, ಯೋಗದ ಐದೂವರೆ ವರ್ಷದ ಬಿ.ಎನ್.ವೈ.ಎಸ್. ಮುಗಿಸಿದ್ದೀ, ಮಂಗಳೂರಿನ ಕಂಕನಾಡಿ ಕಡೆ ಆಕ್ಯುಪಂಕ್ಚರ್ ಕ್ಲಿನಿಕ್‌ಗೆ ಕೋಣೆ ಹುಡುಕುತ್ತಿದ್ದೀ ಎಂದು ನಿನ್ನಮ್ಮ ಹೇಳಿದಳು. ಬೋರ್ಡಿನಲ್ಲಿ ಯಾವ ಯಾವ ಕಾಯಿಲೆಯ ಹೆಸರು ಬರೆಸಬೇಕು ಎಂದು ದೊಡ್ಡಮ್ಮನನ್ನು ಕೇಳು ಅಂದೆಯಂತೆ. ಹೇಳುತ್ತೇನೆ. ಅದಕ್ಕಿಂತ ಮೊದಲು ನಾನು ಮಾಡಿದ ಒಂದು ತಪ್ಪು ನಿನಗೆ ಗೊತ್ತಿರಬೇಕು.

ಆಟಿ ತಿಂಗಳ ಮಳೆ. ಕಟ್ಟಡದ ಕೆಲಸಕ್ಕೆ ದೂರದ ಊರಿನಿಂದ ಬಂದಿದ್ದ ಹುಡುಗನೊಬ್ಬ ಸೊಂಟ ಹಿಡಿದಿದೆ, ಮೈಯೆಲ್ಲ ನೋವು ಎಂದು ಬಂದ. ನಾಡಿ ನೋಡಿದೆ, ನಾಲಿಗೆ ನೋಡಿದೆ. ನಿನ್ನೆ ಸಂಜೆ ಚಳಿ ಹಿಡಿದಿತ್ತು ಎಂದೂ ಅವನು ಹೇಳಿದ. ನಾನು ಚೀಟಿಯಲ್ಲಿ ‘ಗಾಳಿ-ಶೀತ’ ಎಂದು ಬರೆದು, ಮೊಣಕಾಲಿನ ಹಿಂದಿನ ವೇಯ್‌ಜೋಂಗ್ ಬಿಂದುವಿಗೆ ಸೂಜಿ ಹಾಕಿ ಕಳಿಸಿದೆ. ಸೊಂಟನೋವಿಗೆ ಪುಸ್ತಕ ಹೇಳುವುದು ಅದನ್ನೇ. ಮೂರನೇ ದಿನ ಅವನನ್ನು ಎತ್ತಿಕೊಂಡು ವೆನ್ಲಾಕ್ ಆಸ್ಪತ್ರೆಗೆ ಹೋದರು. ರಕ್ತದಲ್ಲಿ ಫಾಲ್ಸಿಪಾರಮ್ ಮಲೇರಿಯಾ. ಹುಡುಗ ಉಳಿದ. ಆದರೆ ಆ ಎರಡು ದಿನ ಹಾಳು ಮಾಡಿದವಳು ನಾನು. ಮಲೇರಿಯಾ ಎಂದರೇನೆಂದು ಮನೆಮನೆಗೂ ಗೊತ್ತಿರುವ ಮಂಗಳೂರಿನಲ್ಲಿ, ಮಳೆಗಾಲದಲ್ಲಿ, ಚಳಿ ಎಂಬ ಮಾತು ಕಿವಿಗೆ ಬಿದ್ದ ಮೇಲೂ ರಕ್ತ ಪರೀಕ್ಷೆಗೆ ಕಳಿಸಲಿಲ್ಲ. ಚೀನೀ ವೈದ್ಯದ ಒಂದು ಹೆಸರು ಸಿಕ್ಕಿತು, ಅಲ್ಲಿಗೇ ನನ್ನ ಯೋಚನೆ ನಿಂತುಬಿಟ್ಟಿತ್ತು.

ಅವನನ್ನು ಉಳಿಸಿದ ಔಷಧಿ ಯಾವುದು ಗೊತ್ತೇ? ಆರ್ಟಿಮಿಸಿನಿನ್ ಮೂಲದ್ದು. ಅದೂ ಚೀನೀ ವೈದ್ಯದ ಮನೆಯದೇ. ಬೀಜಿಂಗಿನ ತು ಯೂಯೂ ಆಧುನಿಕ ಔಷಧಶಾಸ್ತ್ರ ಓದಿದವರು. ಕೆಲಸಕ್ಕೆ ಸೇರಿದ ಮೇಲೆ ಮತ್ತೆ ವಿದ್ಯಾರ್ಥಿನಿಯಾಗಿ ಎರಡೂವರೆ ವರ್ಷ ಚೀನೀ ವೈದ್ಯ ಕಲಿತರು. 1969ರಲ್ಲಿ ಮಲೇರಿಯಾ ಔಷಧಿ ಹುಡುಕುವ ಹೊಣೆ ಅವರ ಮೇಲೆ ಬಿತ್ತು. ನಾಲ್ಕನೇ ಶತಮಾನದ ಗೆ ಹೋಂಗ್ ಬರೆದ ಪುಸ್ತಕದಲ್ಲಿ ಒಂದು ಹಿಡಿ ಚಿಂಗ್‌ಹಾವೊ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಎಂದಿತ್ತು. ಕುದಿಸು ಎಂದಿರಲಿಲ್ಲ. ಕಾಯಿಸಿದರೆ ಗುಣ ಹೋಗುತ್ತದೇನೋ ಎಂದು ಅವರಿಗೆ ಹೊಳೆದದ್ದು ಅಲ್ಲಿ. ಕಡಿಮೆ ಬಿಸಿಗೇ ಆವಿಯಾಗುವ ಈಥರ್‌ನಲ್ಲಿ ಸಾರ ತೆಗೆದರು. 1971ರ ಅಕ್ಟೋಬರ್ 4ರಂದು 191ನೆಯ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿ ಅಳಿಸಿತು. ರೋಗಿಗಳಿಗೆ ಕೊಡುವ ಮೊದಲು ತಾವೇ ಅದನ್ನು ಸೇವಿಸಿ ನೋಡಿದರು. ನೊಬೆಲ್ ಬಂದದ್ದು 2015ರಲ್ಲಿ. ಚೌತಿಗೆ ನಾವು ಗಣಪತಿಗೆ ಏರಿಸುವ ಮಾಚಿಪತ್ರೆಯ ಬಳಗದ ಗಿಡ ಈ ಚಿಂಗ್‌ಹಾವೊ. ನೀನು ಮಾಕ್ಸಾ ಎಂದು ಸುಡುವ ಸೊಪ್ಪೂ ಅದೇ ಬಳಗದ್ದು.

ಹಳೆಯ ಪುಸ್ತಕವನ್ನು ಅವರು ಓದಿದ ಹಾಗೆ ನೀನೂ ಓದಬೇಕು ಎಂಬುದು ನನ್ನ ಆಸೆ. ಒಂದೊಂದು ಪದವನ್ನೂ ನಂಬಿ ಓದು, ಓದಿದ್ದನ್ನು ಪರೀಕ್ಷೆಗೂ ಒಡ್ಡು.

ಆ ಪರೀಕ್ಷೆ ನಮ್ಮ ಸೂಜಿಗೂ ಆಗಿದೆ, ಅದನ್ನು ಮುಚ್ಚಿಡಬೇಡ. ಜರ್ಮನಿಯಲ್ಲಿ ಹಳೆಯ ಸೊಂಟನೋವಿನ 1162 ಜನರ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಸರಿಯಾದ ಬಿಂದುವಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 47.6 ಜನರಿಗೆ ಗುಣ ಕಂಡಿತು. ಬಿಂದುವೇ ಅಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆಯಲ್ಲಿ ಶೇ. 27.4. ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬಿಂದುಗಳನ್ನು ಬೆರಳಿನಿಂದ ಅಳೆದು ಅಳೆದು ಕಲಿತವಳು ನಾನು. ಆದರೂ ಆ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಮೇಜಿನ ಗಾಜಿನಡಿ ಇಟ್ಟುಕೊಂಡೆ. ಸೂಜಿಯಿಂದ ನೋವು ಇಳಿಯುತ್ತದೆ ಎಂದು ರೋಗಿಗೆ ಧೈರ್ಯವಾಗಿ ಹೇಳುತ್ತೇನೆ. ಯಾಕೆ ಇಳಿಯುತ್ತದೆ ಎಂದು ಕೇಳಿದರೆ ಆ ಚೀಟಿಯನ್ನೇ ತೋರಿಸುತ್ತೇನೆ.

ಈ ವಿದ್ಯೆಯನ್ನು ಭಾರತಕ್ಕೆ ತಂದವರೂ ನಡುವಯಸ್ಸಿನಲ್ಲಿ ಮತ್ತೆ ಶಿಷ್ಯರಾದವರು. 1938ರಲ್ಲಿ ವೈದ್ಯಕೀಯ ನೆರವಿಗೆಂದು ಚೀನಾಕ್ಕೆ ಹೋದ ನಮ್ಮ ಐವರು ವೈದ್ಯರಲ್ಲಿ ಸೊಲ್ಲಾಪುರದ ಕೋಟ್ನಿಸ್ ಎಲ್ಲರಿಗೂ ಗೊತ್ತು. ಅವರ ಜೊತೆಯಲ್ಲಿದ್ದ ಬಿ.ಕೆ. ಬಸು 1950ರ ದಶಕದ ಕೊನೆಗೆ ಪುನಃ ಹೋಗಿ ಆಕ್ಯುಪಂಕ್ಚರ್ ಕಲಿತು ಕಲ್ಕತ್ತೆಯಲ್ಲಿ ಶುರು ಮಾಡಿದರು.

ಇನ್ನು ಕೈಯ ಮಾತು. ನಿನ್ನಲ್ಲಿಗೆ ಬೀಡಿ ಕಟ್ಟುವ ಹೆಂಗಸರು ತುಂಬ ಬರುತ್ತಾರೆ. ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ಇಡೀ ದಿನ ಬಗ್ಗಿ ಕೂತ ಕುತ್ತಿಗೆ, ಹೆಗಲು. ಹೆಗಲ ಮೇಲಿನ ಜಿಯಾನ್‌ಜಿಂಗ್ ಬಿಂದುವಿಗೆ ಸೂಜಿ ಹಾಕಲು ನಿನ್ನ ಕೈ ತವಕಿಸುತ್ತದೆ. ಅದರ ಕೆಳಗೇ ಶ್ವಾಸಕೋಶದ ತುದಿ ಇದೆ. ಸಣಕಲು ಮೈಯವರಲ್ಲಿ ಅರ್ಧ ಇಂಚೂ ಹೆಚ್ಚಾಯಿತು. ಗರ್ಭಿಣಿಯೇ ಎಂದು ಕೇಳದೆ ಹೆಬ್ಬೆರಳು, ತೋರುಬೆರಳಿನ ನಡುವಿನ ಹೆಗು ಬಿಂದುವನ್ನು ಮುಟ್ಟಬೇಡ. ಹಾಕಿದ ಸೂಜಿ ಎಷ್ಟು, ತೆಗೆದದ್ದು ಎಷ್ಟು, ಎರಡನ್ನೂ ಬರೆದಿಡು. ಮೊದಲ ಸಲ ಬಂದವರನ್ನು ಮಲಗಿಸಿಯೇ ಹಾಕು. ಸಂಕ್ರಾಂತಿಯ ಉಪವಾಸದಲ್ಲಿ ಬಂದ ಒಬ್ಬಾಕೆ ನನ್ನೆದುರೇ ಕುರ್ಚಿಯಿಂದ ಜಾರಿದ್ದಳು.

ಸಾವಿರ ವರ್ಷದ ಹಿಂದೆ, 1027ರ ಸುಮಾರಿಗೆ, ಚೀನಾದ ವೈದ್ಯ ವಾಂಗ್ ವೇಯ್‌ಯೀ ಕಂಚಿನ ಮನುಷ್ಯನ ಬೊಂಬೆ ಮಾಡಿಸಿದರು. ಮೈಗೆ ಮೇಣ ಬಳಿದು ಒಳಗೆ ನೀರು ತುಂಬುತ್ತಿದ್ದರಂತೆ. ಸರಿಯಾದ ಬಿಂದುವಿಗೆ ಚುಚ್ಚಿದರೆ ನೀರು ಜಿನುಗಬೇಕು, ಆಗ ವಿದ್ಯಾರ್ಥಿ ಪಾಸು. ನಮ್ಮೆದುರು ಮಲಗುವವರ ಮೈ ಅಷ್ಟು ಬೇಗ ಉತ್ತರ ಕೊಡುವುದಿಲ್ಲ. ಅದಕ್ಕೇ ಹತ್ತು ದಿನ ಬಿಟ್ಟು ಫೋನ್ ಮಾಡಿ ಕೇಳು, ಹೇಗಿದ್ದೀರಿ ಎಂದು.

ಬೋರ್ಡಿನಲ್ಲಿ ನಿನ್ನ ಹೆಸರು, ಓದು, ನೋಂದಣಿ ಸಂಖ್ಯೆ, ಬಾಗಿಲು ತೆರೆದಿರುವ ಹೊತ್ತು ಇಷ್ಟೇ ಬರೆಸು. ಕಾಯಿಲೆಗಳ ಪಟ್ಟಿ ಬೇಡ.

ಭಾನುವಾರ ಬೆಳಿಗ್ಗೆ ಮನೆಗೆ ಬಾ. ಸೂಜಿ ವಿದ್ಯೆಯ ಹಳೆಯ ಚೀನೀ ಗ್ರಂಥ ‘ಲಿಂಗ್‌ಶು’ವಿನ ಮೊದಲ ಅಧ್ಯಾಯದಿಂದ ಶುರು ಮಾಡೋಣ, ಒಂಬತ್ತು ಬಗೆಯ ಸೂಜಿಗಳ ವಿವರ ಇರುವುದು ಅಲ್ಲೇ. ನಾನು ಎಷ್ಟನೇ ಸಲ ಓದುತ್ತಿದ್ದೇನೋ ಲೆಕ್ಕ ಇಟ್ಟಿಲ್ಲ. ತಿಂಡಿ ತಿಂದೇ ಬಾ. ಓದಿದ ಮೇಲೆ ನಿನ್ನ ಕೈಗೆ ನಾನು, ನನ್ನ ಕೈಗೆ ನೀನು ಸೂಜಿ ಹಾಕಬೇಕು.