ಟೂಲ್ ಕಲಿಯಲು ಸಾಲ ಬೇಕೆ?

ಮ್ಯಾನುಯಲ್ ಟೆಸ್ಟಿಂಗ್‌ನಲ್ಲಿ ಮೂರು ನಾಲ್ಕು ವರ್ಷ ಕಳೆದವರನ್ನು ಒಂದು ಭಯ ಕಾಡುತ್ತದೆ: ಆಟೊಮೇಷನ್ ಬಾರದಿದ್ದರೆ ಸಂಬಳ ಇಲ್ಲಿಗೇ ನಿಂತುಹೋಗುತ್ತದೆ. ಭಯ ಸುಳ್ಳಲ್ಲ. ಆದರೆ ಆ ಭಯದ ಭರದಲ್ಲಿ ಕೋರ್ಸ್‌ಗಾಗಿ ಇಎಂಐ ಪತ್ರಕ್ಕೆ ಸಹಿ ಹಾಕುವುದನ್ನು ನಾನು ಒಪ್ಪಲಾರೆ. ಫೀಸು ₹80,000 ಎಂದುಕೊಳ್ಳಿ. ಶೇ 18 ಜಿಎಸ್‌ಟಿ ಸೇರಿದರೆ ₹94,400. ಹನ್ನೆರಡು ಕಂತಾದರೆ ತಿಂಗಳಿಗೆ ಸುಮಾರು ₹7,870. 'ಬಡ್ಡಿಯೇ ಇಲ್ಲ' ಎಂಬ ಮಾತನ್ನು ನಂಬಬೇಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಫೀಸಿನಲ್ಲೋ ಪ್ರೊಸೆಸಿಂಗ್ ಶುಲ್ಕದಲ್ಲೋ ಸೇರಿಕೊಂಡಿರುತ್ತದೆ.

ಇಷ್ಟು ಕೊಟ್ಟು ಕೊಳ್ಳುವುದಾದರೂ ಏನು? ಬಹುಪಾಲು ಒಂದು ಟೂಲಿನ ಪರಿಚಯ. ಒಂದು ಕಾಲಕ್ಕೆ ಬೆಂಗಳೂರಿನ ತರಬೇತಿ ಕೇಂದ್ರಗಳ ಬೋರ್ಡುಗಳ ಮೇಲೆಲ್ಲ ಕ್ಯೂಟಿಪಿ ಎಂಬ ಮೂರಕ್ಷರವಿತ್ತು. ಅದನ್ನು ಕಟ್ಟಿದ ಮರ್ಕ್ಯುರಿ ಕಂಪನಿಯನ್ನು 2006ರಲ್ಲಿ ಎಚ್‌ಪಿ ಕೊಂಡಿತು. ಆಮೇಲೆ ಅದು ಮೈಕ್ರೊ ಫೋಕಸ್ ಪಾಲಾಯಿತು, 2023ರಲ್ಲಿ ಓಪನ್‌ಟೆಕ್ಸ್ಟ್ ಪಾಲು. ಅದರ ಸ್ಕ್ರಿಪ್ಟ್ ಬರೆಯುತ್ತಿದ್ದ ವಿಬಿಸ್ಕ್ರಿಪ್ಟ್ ಭಾಷೆಯನ್ನು ಹಂತಹಂತವಾಗಿ ಕೈಬಿಡುವುದಾಗಿ ಅದೇ ವರ್ಷ ಮೈಕ್ರೊಸಾಫ್ಟ್ ಪ್ರಕಟಿಸಿತು. ಇತ್ತ ಸೆಲೆನಿಯಂ ಹುಟ್ಟಿದ್ದು 2004ರಲ್ಲಿ, ಶಿಕಾಗೊದ ಥಾಟ್‌ವರ್ಕ್ಸ್‌ನಲ್ಲಿ. ಕಚೇರಿಯ ಸಮಯ ಮತ್ತು ಖರ್ಚಿನ ಲೆಕ್ಕದ ಅಪ್ಲಿಕೇಶನ್ ಪರೀಕ್ಷಿಸಲು ಜೇಸನ್ ಹಗಿನ್ಸ್ ಅದನ್ನು ಬರೆದರು. 2020ರಲ್ಲಿ ಪ್ಲೇರೈಟ್ ಬಂತು. ಎರಡೂ ಓಪನ್ ಸೋರ್ಸ್, ಎರಡಕ್ಕೂ ದುಡ್ಡಿಲ್ಲ. ಅಂದರೆ ಟೂಲಿನ ಆಯಸ್ಸು ನಿಮ್ಮ ವೃತ್ತಿಯ ಆಯಸ್ಸಿಗಿಂತ ಚಿಕ್ಕದು. ಅದನ್ನು ಕಲಿಯಲು ಸಾಲ ಮಾಡುವುದು, ಸವೆಯುವ ವಸ್ತುವಿಗೆ ಕಂತು ಕಟ್ಟಿದಂತೆ.

ಹಾಗಾದರೆ ಬಾಳಿಕೆ ಬರುವುದು ಯಾವುದು? ಜಾವಾ ಅಥವಾ ಪೈಥಾನ್‌ನಂಥ ಒಂದು ಭಾಷೆಯ ಗಟ್ಟಿ ಅಭ್ಯಾಸ, ಅದರ ಜೊತೆಗೆ ಮ್ಯಾನುಯಲ್ ಕೆಲಸವೇ ಕಲಿಸಿರುವ ವಿವೇಚನೆ. ಬಗ್ ಎಲ್ಲಿ ಅಡಗಿರಬಹುದು, ಯಾವುದನ್ನು ಆಟೊಮೇಟ್ ಮಾಡಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಅದು. ಈ ಕೊನೆಯದು ಅಪ್ಪಟ ಹಣದ ಲೆಕ್ಕ. ಕೈಯಲ್ಲಿ ಹತ್ತು ನಿಮಿಷ ಹಿಡಿಯುವ ಒಂದು ಟೆಸ್ಟ್ ಕೇಸಿಗೆ ಸ್ಕ್ರಿಪ್ಟ್ ಬರೆಯಲು ಎಂಟು ಗಂಟೆ ಬೇಕು ಎನ್ನೋಣ. ಅದು ಪ್ರತಿ ರಾತ್ರಿಯ ಬಿಲ್ಡ್‌ನಲ್ಲಿ ಓಡುವುದಾದರೆ 48 ರಾತ್ರಿಯಲ್ಲಿ ಹಾಕಿದ ಶ್ರಮ ವಾಪಸ್. ತಿಂಗಳಿಗೊಮ್ಮೆ ರಿಲೀಸ್ ಆದಾಗ ಮಾತ್ರ ಓಡಿಸುವುದಾದರೆ ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಆ ಸ್ಕ್ರೀನೇ ಬದಲಾಗಿರುತ್ತದೆ, ಸ್ಕ್ರಿಪ್ಟ್ ತಿದ್ದುವ ಖರ್ಚು ಬೇರೆ. ಎಲ್ಲವನ್ನೂ ಆಟೊಮೇಟ್ ಮಾಡುತ್ತೇನೆ ಎನ್ನುವವರಿಗಿಂತ ಈ ಲೆಕ್ಕ ಹಾಕಿ ತೋರಿಸುವವರಿಗೆ ಹೆಚ್ಚು ಸಂಬಳ ಸಲ್ಲಬೇಕು ಎಂದೇ ನನ್ನ ವಾದ. ಮ್ಯಾನುಯಲ್ ಹಿನ್ನೆಲೆಯವರು ಇಲ್ಲಿ ಹಿಂದಿಲ್ಲ, ಮುಂದಿದ್ದಾರೆ.

ಮನೆಯಲ್ಲೇ ಕೂತು ಕಲಿಯುವ ಶಿಸ್ತು ಎಲ್ಲರಿಗೂ ಇರುವುದಿಲ್ಲ, ಫೀಸು ಕಟ್ಟಿದರೆ ತಾನೇ ತರಗತಿಗೆ ಹೋಗುವುದು ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯವಿದೆ. ಅಂಥವರು ಖಂಡಿತ ತರಗತಿಗೆ ಸೇರಲಿ, ಆದರೆ ಕೈಯಲ್ಲಿರುವ ಉಳಿತಾಯದಿಂದ ಕಟ್ಟಬಹುದಾದಷ್ಟು ಚಿಕ್ಕ ತರಗತಿಗೆ. ಪ್ರಮಾಣಪತ್ರವಿಲ್ಲದೆ ರೆಸ್ಯೂಮೆ ಯಾರೂ ನೋಡುವುದಿಲ್ಲ ಎನ್ನುವವರಿಗೆ ಐಎಸ್‌ಟಿಕ್ಯೂಬಿ ಫೌಂಡೇಶನ್ ಪರೀಕ್ಷೆಯಿದೆ: ಪಠ್ಯಕ್ರಮ ಉಚಿತ, 40 ಪ್ರಶ್ನೆಗಳಲ್ಲಿ 26 ಅಂಕ ಬಂದರೆ ಪಾಸು, ಪ್ರಮಾಣಪತ್ರದ ಅವಧಿ ಮುಗಿಯುವುದಿಲ್ಲ. ಎಐ ಬಂದ ಮೇಲೆ ಸ್ಕ್ರಿಪ್ಟ್ ಬರೆಯುವುದಕ್ಕೆ ಬೆಲೆ ಎಲ್ಲಿ ಎಂಬ ಪ್ರಶ್ನೆ ಇನ್ನೂ ಗಂಭೀರವಾದದ್ದು. ಸ್ಕ್ರಿಪ್ಟನ್ನು ಎಐ ಬರೆದುಕೊಡುತ್ತದೆ, ನಿಜ. ಟೆಸ್ಟ್ ಹಸಿರಾಗಿದ್ದರೂ ಅದು ಪರೀಕ್ಷಿಸಬೇಕಾದದ್ದನ್ನೇ ಪರೀಕ್ಷಿಸಿತೇ ಎಂದು ನೋಡುವ ಕಣ್ಣು ಬೇಕಲ್ಲ? ಟೂಲಿಗೆ ಮಾಡಿದ ಸಾಲದ ವಿರುದ್ಧ ಇದು ಇನ್ನೊಂದು ಕಾರಣ.

ಆ ₹7,870ನ್ನು ಹನ್ನೆರಡು ತಿಂಗಳು ಆರ್‌ಡಿಗೆ ಕಟ್ಟಿ, ಸಂಜೆ ಒಂದು ಗಂಟೆ ಕಲಿಕೆಗೆ ಕೊಡಿ. ಈಗಿನ ಪ್ರಾಜೆಕ್ಟಿನ ರಿಗ್ರೆಶನ್ ಪಟ್ಟಿಯಲ್ಲೇ ಹತ್ತು ಕೇಸು ಆರಿಸಿ, ಲೀಡ್ ಒಪ್ಪಿಗೆ ಪಡೆದು ಆಟೊಮೇಟ್ ಮಾಡಿ. ವರ್ಷದ ಕೊನೆಗೆ ಸಂದರ್ಶನದಲ್ಲಿ ಹೇಳಲು ನಿಜವಾದ ಕೆಲಸವಿರುತ್ತದೆ, ಖಾತೆಯಲ್ಲಿ ₹94,000ಕ್ಕೂ ಹೆಚ್ಚು ಹಣವಿರುತ್ತದೆ. ನೋಟಿಸ್ ಅವಧಿ ಮುಗಿಯುವುದಕ್ಕೂ ಹೊಸ ಸಂಬಳ ಬರುವುದಕ್ಕೂ ನಡುವೆ ಬಾಡಿಗೆ ಕಟ್ಟಲು ಬೇಕಾಗುವುದು ಆ ಹಣವೇ.